ಪ್ರಿನ್ಸಿಪಾಲರ ಕೆನ್ನೆಯ ಮೇಲಿನ ಕಾಡಿಗೆ

ನಮ್ಮ ಪ್ರಿನ್ಸಿಪಾಲರ ಎಡಗೆನ್ನೆಯ ಮೇಲೆ ಒಂದು ದೃಷ್ಟಿಬೊಟ್ಟು ಇದೆ. ಕಾಲೇಜಿನಲ್ಲಿ ಎದುರಾದಾಗ ಇರುವುದಿಲ್ಲ. ಆನ್‌ಲೈನ್ ಮೀಟಿಂಗಿನಲ್ಲಿ ಮಾತ್ರ ಇರುತ್ತದೆ, ಅದೂ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅವರು ವಿದ್ಯಾರ್ಥಿಗಳ ಹಾಜರಾತಿಯ ಬಗ್ಗೆ ಗಂಭೀರವಾಗಿ ಮಾತನಾಡುತ್ತ ತುಸು ಮುಂದಕ್ಕೆ ಬಾಗಿದರೆ ಬೊಟ್ಟು ಮೂಗಿನ ಮೇಲೆ ಕೂರುತ್ತದೆ, ಹಿಂದಕ್ಕೆ ಒರಗಿದರೆ ಕಿವಿಯ ಹತ್ತಿರ ಹೋಗುತ್ತದೆ. ಸಿಟ್ಟಿಗೆದ್ದು ಎದ್ದು ನಿಂತರೆ ಅಂಗಿಯ ಗುಂಡಿಯಾಗುತ್ತದೆ. ಅಂಥ ಹೊತ್ತಿನಲ್ಲಿ ನಾನು ಮೆಲ್ಲಗೆ ಕ್ಯಾಮೆರಾ ಬಂದ್ ಮಾಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು, ಮತ್ತೆ ಗಂಭೀರಳಾಗಿ ಹಾಜರಾಗುತ್ತೇನೆ.

ಅವರೊಬ್ಬರಿಗೇ ಈ ಭಾಗ್ಯ ಎಂದುಕೊಳ್ಳಬೇಡಿ. ಸುದ್ದಿ ಓದುವವರಿಗೆ, ಅಡಿಗೆ ಕಲಿಸುವವರಿಗೆ, ಚುನಾವಣೆಯಲ್ಲಿ ಗೆದ್ದವರಿಗೆ, ಸೋತವರಿಗೆ, ನನ್ನ ಪರದೆಗೆ ಬಂದವರೆಲ್ಲರಿಗೂ ಬೊಟ್ಟು ತಪ್ಪಿದ್ದಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಕನ್ನಡಕದ ಬಟ್ಟೆ ಹಿಡಿದುಕೊಂಡು, "ಮೇಡಂ, ಪರದಿ ಹೊಲಸಾಗೈತಿ, ಒರಸಿ ಕೊಡ್ಲೇನ್ರಿ?" ಎಂದಾಗ, ಮಗುವನ್ನು ಕಸಿಯಲು ಬಂದವರೆದುರು ತಾಯಿಯ ಹಾಗೆ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮುಚ್ಚಿ ತೆರೆದು ಮಾಡುವಾಗ ಕೀಲಿಮಣೆಗೂ ಸ್ವಲ್ಪ ಕಾಡಿಗೆ ಹತ್ತಿದೆ. ಅದಕ್ಕೂ ದೃಷ್ಟಿ ಆಗದಿರಲಿ ಬಿಡಿ.

ಕಾಡಿಗೆ ಅಂದರೆ ಅವ್ವ ಮಾಡಿದ ಕಾಡಿಗೆ. ಔಡಲೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಾಟನ್ನು ಬೋರಲು ಹಾಕಿ, ಹಿಡಿದ ಮಸಿಗೆ ಹನಿ ತುಪ್ಪ ಸೇರಿಸಿ ಕಲೆಸಿ ಡಬ್ಬಿಗೆ ತುಂಬಿದ್ದು. ನಾನು ಚಿಕ್ಕವಳಿದ್ದಾಗ ಇಳಕಲ್ಲಿನ ನಮ್ಮ ಮನೆಯಲ್ಲಿ ಈ ಡಬ್ಬಿ ಮುಟ್ಟದ ವಸ್ತು ಇರಲಿಲ್ಲ. ಅಪ್ಪ ಹೊಸ ಸೈಕಲ್ ತಂದರೆ ಮಡ್‌ಗಾರ್ಡಿಗೆ ಬೊಟ್ಟು, ಹೊಲಿಗೆ ಯಂತ್ರ ಬಂದರೆ ಅದರ ಚಕ್ರಕ್ಕೆ ಬೊಟ್ಟು. ಶಾಲೆಯ ಗ್ರೂಪ್ ಫೋಟೋ ಮನೆಗೆ ಬಂದ ದಿನ ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಒಳಗಿನಿಂದ ಕಾಡಿಗೆ ತಂದು, ಮೂರನೆಯ ಸಾಲಿನಲ್ಲಿ ನಿಂತಿದ್ದ ನನ್ನ ಕೆನ್ನೆಯ ಮೇಲೆ ಬೊಟ್ಟಿಟ್ಟಳು. ಫೋಟೋದಲ್ಲಿ ನನ್ನ ಮುಖವೇ ಕಡಲೆಕಾಳಿನಷ್ಟಿತ್ತು. ಅದರ ಕೆನ್ನೆಗೆ ಕಡ್ಡಿಯ ತುದಿಯಿಂದ, ಪಕ್ಕದ ಹುಡುಗಿಗೆ ಒಂದಿಷ್ಟೂ ತಾಗದಂತೆ ಇಟ್ಟ ಬೊಟ್ಟು ಅದು. ಉಳಿದ ಮಕ್ಕಳ ಗತಿ ಏನು ಎಂದು ನಾನು ಕೇಳಿದ್ದಕ್ಕೆ, "ಅವ್ರ ಅವ್ವಗೋಳು ಇಟ್ಕೋತಾರ ತಗಿ" ಎಂದಳು.

ಅಂಥ ಕಣ್ಣು ಅವ್ವನದು. ಆ ಕಣ್ಣಿಗೆ ಕೆಲಸವೂ ಹಾಗೇ ಇತ್ತು. ಇಳಕಲ್ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು, ಆಮೇಲೆ ನೇಯ್ಗೆ. ಮದುವೆಯಾಗಿ ಬಂದಾಗಿನಿಂದ ಅವ್ವ ಕೊಂಡಿ ಹಾಕಿದ್ದೇ ಹಾಕಿದ್ದು. ಕೂದಲಿನಂಥ ಆ ಎಳೆಗಳೇ ಅವಳ ಕಣ್ಣನ್ನು ನಿಧಾನಕ್ಕೆ ತಿಂದವು ಎಂದು ನನ್ನ ಗುಮಾನಿ. ಡಾಕ್ಟರು ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದರ ಬಗ್ಗೆ, "ವಯಸ್ಸಾತಲ್ರಿ" ಎಂದು ಕೈಬಿಟ್ಟರು. ಈಗ ಅವಳಿಗೆ ಮನೆಯ ಮಂದಿ ಹೆಜ್ಜೆಯ ಸಪ್ಪಳದಿಂದ ಗೊತ್ತಾಗುತ್ತಾರೆ. ಅವಳು ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಹೇಳದೆ ಮುಚ್ಚಿಡುವುದರಲ್ಲಿ ಎಷ್ಟು ಜಾಣೆ ಎಂಬುದು ನನ್ನ ತಮ್ಮ ಸಂಗಮೇಶನಿಗೆ ಮಗಳು ಹುಟ್ಟಿದಾಗ ತಿಳಿಯಿತು. ಅವನು ರೈಲ್ವೆಯಲ್ಲಿ ಕೆಲಸಕ್ಕಿದ್ದಾನೆ, ಈಗ ಅಸ್ಸಾಮಿನ ಕಡೆ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು. ದಿನಾ ಸಂಜೆ ಫೋನಿನಲ್ಲಿ ವಿಡಿಯೋ ಕರೆ ಬರುವುದು, ಅವ್ವ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಹೌದೌದು, ಭಾಳ ಚಂದ ಐತಿ, ಭಾಳ ಚಂದ ಐತಿ" ಎನ್ನುವುದು. ಒಂದು ದಿನ ಕರೆ ಮುಗಿದ ಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು:

"ಕೂಸಿಗೆ ತಲಿಮ್ಯಾಲ ಕೂದ್ಲ ಅದಾವೇನ ಬೇ?"

"ಈಗ ನೋಡಿದೆಲ್ಲವ್ವಾ, ತಲಿ ತುಂಬ ಕೂದ್ಲ ಅದಾವ."

"ನನಗ ಬೆಳ್ಳಗ ಏನೋ ಕಂಡಂಗಾತು. ಕೂಸೋ ಹಾಸಿಗಿಯೋ ತಿಳೀಲಿಲ್ಲ. ಅವಗ ಹೇಳಬ್ಯಾಡ."

ಅಂದರೆ ಇಷ್ಟು ದಿನ ಅವ್ವ "ಭಾಳ ಚಂದ ಐತಿ" ಎಂದದ್ದು ಹಾಸಿಗೆಗೆ ಇದ್ದರೂ ಇರಬಹುದು. ನನಗೆ ನಗು ಬರಲಿಲ್ಲ. ಹೆಸರಿಡುವ ದಿನ ಕೂಸನ್ನು ಅವ್ವನಿಗೆ ತೋರಿಸಿಯೇ ತೀರಬೇಕು, ನನ್ನ ಲ್ಯಾಪ್‌ಟಾಪಿನ ದೊಡ್ಡ ಪರದೆಯ ಮೇಲೆ ಕೂಸಿನ ಮುಖವನ್ನು ಜೋಳದ ರೊಟ್ಟಿಯಷ್ಟು ಅಗಲ ಮಾಡಿ ತೋರಿಸಬೇಕು ಎಂದು ನಿಶ್ಚಯ ಮಾಡಿದೆ.

ಹೆಸರಿಡುವುದರಲ್ಲಿ ನನ್ನ ಪಾತ್ರವೂ ಸಣ್ಣದೇನಲ್ಲ. ನಾನು ಸೋದರತ್ತೆ. ನಮ್ಮ ಕಡೆ ತೊಟ್ಟಿಲ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಮೊದಲು ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಕರೆಯುತ್ತಿದ್ದ ಹಾಗೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವ ಹಕ್ಕು ಅವರದು. ಯಾಕೆ ಗುದ್ದುತ್ತಾರೆ ಎಂದು ನಾನು ಯಾರನ್ನೂ ಕೇಳಿಲ್ಲ, ಗುದ್ದುವವರಿಗೂ ಗೊತ್ತಿದ್ದಂತಿಲ್ಲ, ಆದರೆ ಯಾರೂ ಕೈ ಹಗುರ ಮಾಡುವುದಿಲ್ಲ. ಅವ್ವನನ್ನು ಬಿಟ್ಟು ನಾನು ಅಷ್ಟು ದೂರ ಹೋಗುವಂತಿರಲಿಲ್ಲ, ಕರೆದುಕೊಂಡು ಹೋಗುವಂತೆಯೂ ಇರಲಿಲ್ಲ. ಹೀಗಾಗಿ ಕೂಸು ಅಲ್ಲಿ, ಸೋದರತ್ತೆ ಇಲ್ಲಿ, ಗುದ್ದುವವರು ನಮ್ಮ ಓಣಿಯವರು ಎಂದು ತೀರ್ಮಾನವಾಯಿತು. ಮಧ್ಯಾಹ್ನದ ಮೇಲೆ ತಮ್ಮನಿಗೆ ಡ್ಯೂಟಿ ಇದ್ದುದರಿಂದ ಊಟದ ಹೊತ್ತಿಗೆ ಮೊದಲೇ ಮುಗಿಸಬೇಕಿತ್ತು.

ಆ ರವಿವಾರ ಬೆಳಿಗ್ಗೆ ಮನೆ ತುಂಬ ಗುಗ್ಗರಿ ಕುದಿಯುವ ವಾಸನೆ. ಅವ್ವ ತನ್ನ ಮದುವೆಯ ಕೆಂಪು ಸೆರಗಿನ ಸೀರೆ ಉಟ್ಟು, ತಲೆ ಬಾಚಿಸಿಕೊಂಡು, ಮೇಜಿನ ಮುಂದಿನ ಕುರ್ಚಿಯಲ್ಲಿ ಆಗಲೇ ಕುಳಿತುಬಿಟ್ಟಿದ್ದಳು. ನಾನು ಲ್ಯಾಪ್‌ಟಾಪ್ ತೆರೆದೆ. ಮೂಲೆಯಲ್ಲಿ ಯಾವಾಗಲೂ ಇರುವ ವೈಫೈಯ ಬೀಸಣಿಗೆಯಂಥ ಗುರುತು ಇರಲಿಲ್ಲ. ಅದರ ಜಾಗದಲ್ಲಿ ಒಂದು ಭೂಗೋಳ, ಅದಕ್ಕೆ ಕಾಟು ಹೊಡೆದಿತ್ತು. ಭೂಗೋಳದೊಂದಿಗೇ ಸಂಬಂಧ ಕಡಿದುಹೋಗಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಲು ಸಾಧ್ಯ!

ಗಾಬರಿಯಾದಾಗ ಮನುಷ್ಯ ತಾನು ಬೆಳೆದ ಮನೆಯ ಪದ್ಧತಿಗೇ ಮರಳುತ್ತಾನೆ. ನಮ್ಮ ಅಪ್ಪ ರೇಡಿಯೋ ನಿಂತರೆ ಅದರ ಬಲಮಗ್ಗುಲಿಗೆ ಒಂದು ಏಟು ಹಾಕುತ್ತಿದ್ದ. ಅದು ಎರಡು ಸಲ ಕೆಮ್ಮಿ ಕೃಷಿ ವಾರ್ತೆ ಹೇಳಲು ಶುರುಮಾಡುತ್ತಿತ್ತು. ನಾನೂ ಆ ಕಡೆ ಈ ಕಡೆ ನೋಡಿ ಲ್ಯಾಪ್‌ಟಾಪಿನ ಬಲಮಗ್ಗುಲಿಗೆ ಮೆಲ್ಲಗೆ ಒಂದು ಕೊಟ್ಟೆ. ಏನೂ ಆಗಲಿಲ್ಲ. ಬಂದ್ ಮಾಡಿ ಚಾಲೂ ಮಾಡಿದೆ. ವೈಫೈ ಡಬ್ಬಿಯ ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಅದರ ಹಸಿರು ದೀಪಗಳು ನಗುತ್ತ ಉರಿಯುತ್ತಲೇ ಇದ್ದವು, ತಪ್ಪು ಅದರದಲ್ಲ. ಬಾದಾಮಿಯ ಬಂಡೆಯ ಮೇಲಿನ ಶಾಸನಗಳನ್ನು ಮಕ್ಕಳಿಗೆ ಓದಿ ಅರ್ಥ ಹೇಳುವ ಇತಿಹಾಸದ ಉಪನ್ಯಾಸಕಿ ನಾನು, ಈ ಯಂತ್ರ ತೋರಿಸಿದ ಒಂದು ಸಾಲಿನ ಅರ್ಥವಾಗದೆ ಕುಳಿತೆ.

ಕೊನೆಗೆ ಗೆಳತಿ ಶೈಲಾಳಿಗೆ ಫೋನು ಹಚ್ಚಿದೆ. ಅವಳು ಬಾಗಲಕೋಟೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಆ ದಿನ ಅತ್ತೆಯನ್ನು ಕರೆದುಕೊಂಡು ಶಿವಯೋಗ ಮಂದಿರಕ್ಕೆ ಹೊರಟ ಬಸ್ಸಿನಲ್ಲಿದ್ದಳು. ಬಸ್ಸಿನ ಗದ್ದಲದಲ್ಲಿ ಅವಳು ಕೂಗುವುದು, ಇಲ್ಲಿ ನಾನು ಅದನ್ನೇ ತಿರುಗಿ ಕೂಗುವುದು. ಅವಳು ಹೇಳಿದಂತೆ ಒಂದು ಪಟ್ಟಿ ತೆರೆದಾಗ ವೈಫೈಯ ಹೆಸರಿನ ಮೇಲೆ ಹಳದಿ ತ್ರಿಕೋನ ಕಾಣಿಸಿತು, ಅಮೀನಗಡದ ದಾರಿಯಲ್ಲಿ ತಿರುವಿಗೆ ಮೊದಲು ನಿಲ್ಲಿಸಿರುವ ಫಲಕದ ಹಾಗೆ.

"ಹಂಗಾರ ಡ್ರೈವರ್ ಹೋಗೇತಿ!" ಎಂದಳು ಶೈಲಾ.

"ಡ್ರೈವರ್ ಹೋಗ್ಯಾನ?" ಎಂದು ನಾನು ಕೂಗಿದೆ. "ಈಗ ಡ್ರೈವರ್ ಎಲ್ಲಿಂದ ತರ್ಲಿ? ಇವತ್ತ ರವಿವಾರ, ಯಾವ ಅಂಗಡೀನೂ ತಗದಿರೂದಿಲ್ಲ!"

"ನಿನ್ನಿ ಏನರ ಅಪ್‌ಡೇಟ್ ಆಗಿತ್ತೇನ?"

"ಆಗಿತ್ತು. ರಾತ್ರಿ ತಾನ ಏನೇನೋ ಮಾಡ್ಕೋತು."

"ಹಂಗಾರ ಹೊಸಾ ಡ್ರೈವರ್ ಬಂದು ಕೆಡಸೇತಿ. ಫೋನಿಂದ ವಯರ್ ಹಾಕಿ ನೆಟ್ ಕೊಟ್ಟು ನೋಡು..." ಎನ್ನುತ್ತಿದ್ದಂತೆ ಬಸ್ಸು ಯಾವುದೋ ತಗ್ಗಿಗೆ ಇಳಿದಿರಬೇಕು, ಅವಳ ದನಿ ಹೋಯಿತು. ವಯರ್ ಹಾಕಿದೆ. ಬಸ್‌ಸ್ಟ್ಯಾಂಡಿನ ಎದುರು ಅಗ್ಗಕ್ಕೆ ಸಿಕ್ಕಿತೆಂದು ಹೆಮ್ಮೆಯಿಂದ ಕೊಂಡಿದ್ದ ವಯರ್ ಅದು. ಫೋನಿಗೆ ಚಾರ್ಜ್ ತುಂಬುವುದೊಂದನ್ನು ಬಿಟ್ಟು ಬೇರೆ ಯಾವ ವಿದ್ಯೆಯೂ ಅದಕ್ಕೆ ಬರುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪೋ, ತೆಳ್ಳಗಿದೆ ಎಂದು ಮೆಚ್ಚಿ ತಂದದ್ದು. ಇಂಟರ್‌ನೆಟ್ಟಿನ ದಪ್ಪ ತಂತಿ ಸಿಕ್ಕಿಸಲು ಅದರಲ್ಲಿ ತೂತೇ ಇರಲಿಲ್ಲ.

ಅಷ್ಟರಲ್ಲಿ ಓಣಿಯ ಹೆಂಗಸರು ಬರತೊಡಗಿದರು. ಪಕ್ಕದ ಮನೆಯ ಗಂಗಕ್ಕ ನನ್ನ ಪರದಾಟ ನೋಡಿ, "ಅಲ್ಲ ಅಕ್ಕೋರ, ಫೋನಿನ್ಯಾಗ ಮಾಡಿ ಮುಗಸ್ರಲಾ. ಕುರ್ರ್ ಅನ್ನಾಕ ಫೋನೇನು, ಇದೇನು?" ಎಂದಳು.

ಅವ್ವ ಕೂಡಲೇ, "ಹೂಂ ಮತ್ತ, ಫೋನಿನ್ಯಾಗ ಮಾಡ್ರಿ. ನನಗೇನು, ಎದರಾಗಾದ್ರೂ ಕಾಣತೈತಿ" ಎಂದಳು. ಹಾಗೆಂದು ಕುರ್ಚಿಯನ್ನು ಮೇಜಿನಿಂದ ತುಸು ಹಿಂದಕ್ಕೆ ಸರಿಸಿಕೊಂಡಳು. ಆ ಕುರ್ಚಿ ಸರಿದ ಸದ್ದು ಕೇಳಿ ನಾನು ಇನ್ನು ಸ್ವಲ್ಪ ಹೊತ್ತು ನೋಡುತ್ತೇನೆ ಎಂದು ಹಟ ಹಿಡಿದು ಮತ್ತೆ ಆ ಹಳದಿ ತ್ರಿಕೋನದ ಮುಂದೆ ಬಾಗಿದೆ.

ಈ ನಡುವೆ ನನಗೆ ಗೊತ್ತಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. "ಡ್ರೈವರ್ ಹೋಗ್ಯಾನ, ಡ್ರೈವರ್ ಎಲ್ಲಿಂದ ತರ್ಲಿ" ಎಂದು ನಾನು ಬಸ್ಸಿನ ಗದ್ದಲದ ಜೊತೆ ಹೊಡೆದಾಡುತ್ತಿದ್ದಾಗ ಅವ್ವ ಕೇಳಿಸಿಕೊಂಡು, ಯಾರನ್ನೋ ಕಳಿಸಿ, ಹಿಂದಿನ ಓಣಿಯ ಮಲ್ಲಪ್ಪನಿಗೆ ಹೇಳಿಕಳಿಸಿದ್ದಳು. ಮಲ್ಲಪ್ಪ ಇಳಕಲ್ಲಿನಿಂದ ಬಾದಾಮಿಗೆ ಬಸ್ಸು ಹೊಡೆದು ನಿವೃತ್ತನಾದವನು. ತಲೆ ಎತ್ತಿದರೆ ಬಾಗಿಲಲ್ಲಿ ಅವನು ಖಾಕಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ ನಿಂತಿದ್ದ. ಎಷ್ಟು ಅವಸರದಲ್ಲಿ ಬಂದಿದ್ದನೆಂದರೆ ಅಂಗಿಯ ಗುಂಡಿ ಒಂದು ಮೇಲೊಂದು ಕೆಳಗಾಗಿತ್ತು.

"ಎಲ್ಲಿಗೆ ಹೋಗೂದೈತ್ರಿ ಅಕ್ಕೋರ?"

ನನ್ನ ಲಕ್ಷ್ಯವೆಲ್ಲ ಪರದೆಯ ಮೇಲೆ. ಕರೆ ಎಲ್ಲಿಗೆ ಹೋಗಬೇಕೆಂದು ಕೇಳುತ್ತಿದ್ದಾನೆ ಎಂದುಕೊಂಡು, "ಅಸ್ಸಾಮಿಗೆ ಮಲ್ಲಪ್ಪ" ಎಂದೆ.

ಮಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಪಟ್ಟದಕಲ್ಲು ತನಕ ಅಂದ್ರ ಈಗ ನಡೀರಿ ಅಂತಿದ್ದೆ. ಅಸ್ಸಾಂ ಅಂದ್ರ... ಮನ್ಯಾಗ ಒಂದು ಮಾತು ಕೇಳಿ ಬರಬೇಕಾಕ್ಕೈತ್ರಿ" ಎಂದ.

ನಗೆ ಹೊರಟಿತು ನೋಡಿ! ಗಂಗಕ್ಕ ಗುಗ್ಗರಿಯ ಬುಟ್ಟಿ ಹಿಡಿದೇ ನೆಲಕ್ಕೆ ಕುಳಿತಳು. ನಾನು ಕಣ್ಣೀರು ಒರೆಸಿಕೊಂಡು ಅವ್ವನಿಗೆ ತಿಳಿಸಿ ಹೇಳಲು ಹೊರಟೆ. ಡ್ರೈವರ್ ಎಂದರೆ ಮನುಷ್ಯನಲ್ಲ, ಈ ಯಂತ್ರಕ್ಕೂ ಅದರೊಳಗಿನ ವೈಫೈಯ ಸಾಮಾನಿಗೂ ನಡುವೆ ಇದ್ದುಕೊಂಡು, ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ತಲುಪಿಸುವ ಒಂದು ವ್ಯವಸ್ಥೆ ಎಂದೆ. ಅವ್ವ ತಲೆ ಆಡಿಸಿದಳು.

"ಅಂದ್ರ ಒಡಲಿಗೂ ಸೆರಗಿಗೂ ಕೊಂಡಿ ಬಿಚ್ಚೇತಿ ಅನ್ನು. ಅಷ್ಟಕ್ಕ ಡ್ರೈವರ್ ಅಂತ ಯಾಕ ಒದರ್ತಿದ್ದಿ?"

"ಹೌದವ್ವಾ, ಕೊಂಡೀನ. ನಿನ್ನಿ ರಾತ್ರಿ ಹೊಸಾದು ಬಂದು ಹಳೇದರ ಜಾಗಾದಾಗ ಕುಂತೈತಿ. ಅದಕ್ಕ ಇದು ಹೊಂದವಲ್ದು."

"ಹಳೇದು ಎಲ್ಲಿ ಹೋತು ಹಂಗಾರ?"

ಉತ್ತರ ಮಲ್ಲಪ್ಪನ ಬಳಿ ಇತ್ತು, ಆದರೆ ಅದು ಬೇರೆಯೇ ಪ್ರಶ್ನೆಗೆ. "ಎಲ್ಲಿ ಹೊಕ್ಕಾನವಾ ಬಸಕ್ಕ? ಮನ್ಯಾಗ ಕುಂತಿರ್ತಾನ. ಹೊಸ ಹುಡುಗರು ಬಂದ್ರು ಅಂತ ನಮ್ಮನ್ನ ಕಡೀಕ ಕುಂದರಿಸಿದ್ರು. ಗಾಡಿ ಅಮೀನಗಡದ ಹಾದ್ಯಾಗ ನಿಂತ್ರ ಮತ್ತ ಬರ್ತಾರ ಕರ್ಯಾಕ, ಮಲ್ಲಪ್ಪಾ ಬಾ ಅಂತ" ಎಂದು ಅವ್ವನ ಮುಂದೆ ತನ್ನ ಹಳೆಯ ಸಿಟ್ಟನ್ನೆಲ್ಲ ಅಲ್ಲೇ ಇಳಿಸಿದ.

"ಊರೆಲ್ಲಾ ತಿರುಗಿ ಬಂದ್ರೂ ಹಳೇ ಗಂಡನ ಪಾದಾನ ಗತಿ" ಎಂದು ಗಂಗಕ್ಕ ಒಗ್ಗರಣೆ ಹಾಕಿದಳು. ಹೆಂಗಸರು ಮತ್ತೆ ನಕ್ಕರು.

ನಗುವಿನ ನಡುವೆ ಅವ್ವನ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಹಳೆಯದು ಎಲ್ಲಿ ಹೋಯಿತು? ಅಷ್ಟರಲ್ಲಿ ಶೈಲಾಳ ಬಸ್ಸು ದಿಬ್ಬ ಏರಿರಬೇಕು, ಅವಳೇ ಫೋನು ಮಾಡಿದಳು. ಅದನ್ನೇ ಕೇಳಿದೆ. "ಅಯ್ಯ, ನಾನೂ ಅದನ್ನ ಹೇಳಾಕತ್ತಿದ್ನಿ, ಫೋನ್ ಕಟ್ ಆತು" ಎಂದಳು. ಹಿಂದಿನ ಡ್ರೈವರಿಗೆ ಮರಳುವ ಗುಂಡಿಯೊಂದು ಇತ್ತು, ಆದರೆ ಅದು ಮಸುಕಾಗಿ ಕುಳಿತಿತ್ತು, ಒತ್ತಿದರೆ ಮಿಸುಕಲಿಲ್ಲ. ಹಾಗಾದರೆ ಒಳಗೆ ಇದ್ದದ್ದರಲ್ಲೇ ಆರಿಸಿಕೊಳ್ಳುತ್ತೇನೆ ಎಂದು ಯಂತ್ರಕ್ಕೆ ಹೇಳು ಎಂದಳು. ಒಂದೊಂದೇ ಬಾಗಿಲು ತೆಗೆದು ಒಳಗೆ ಹೋದರೆ ಅಲ್ಲಿದ್ದವು: ಒಂದೇ ಹೆಸರಿನ ಎರಡು ಡ್ರೈವರುಗಳು. ಒಂದು ಹೊಸದು, ಅದರ ಕೆಳಗೆ ಹಳೆಯದು. ಪಾಪ, ಅದು ಎಲ್ಲಿಗೂ ಹೋಗಿರಲಿಲ್ಲ. ಕರೆದರೆ ಬರೋಣ ಎಂದು ಮೂಲೆಯಲ್ಲಿ ಕುಳಿತಿತ್ತು.

ಹಳೆಯದನ್ನು ಒತ್ತಿದೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಹಳದಿ ತ್ರಿಕೋನ ಮಾಯವಾಯಿತು. ಮೂಲೆಯಲ್ಲಿ ಬೀಸಣಿಗೆ ಒಂದೊಂದೇ ಗೆರೆಯಾಗಿ ಬಿಚ್ಚಿಕೊಂಡಿತು. "ಬಂತು!" ಎಂದು ನಾನು ಕಿರುಚಿದ್ದಕ್ಕೆ ಮಲ್ಲಪ್ಪ, "ಯಾರು, ಹಳ್ಯಾಂವ?" ಎಂದು ಕೇಳಿದ. ಹೌದು ಎಂದೆ. ಅವನು ಅಂಗಿಯ ಗುಂಡಿ ಬಿಚ್ಚಿ, ಸರಿಯಾಗಿ ಹಾಕಿಕೊಂಡು, ಬಾಗಿಲ ಬಳಿ ಗತ್ತಿನಿಂದ ಕುಳಿತ.

ತೊಟ್ಟಿಲ ಕಾರ್ಯದಲ್ಲಿ ಗಂಡಸರಿಗೇನು ಕೆಲಸ ಎಂದು ಯಾರೋ ಗೊಣಗಿದರು. "ಡ್ರೈವರ್ ಇರ್ಲಿ" ಎಂದಳು ಅವ್ವ.

ಕರೆ ಹತ್ತಿತು. ಆ ಕಡೆ ತಮ್ಮ, ತಮ್ಮನ ಹೆಂಡತಿ, ಅವರ ಹಿಂದೆ ಬೇರೆ ಬೇರೆ ಸೀಮೆಯ ನೆರೆಮನೆಯ ಹೆಂಗಸರು. "ಎಷ್ಟೊತ್ತಕ್ಕಾ, ಕೂಸು ಹಸದೈತಿ" ಎನ್ನುತ್ತ ತಮ್ಮ ತನ್ನ ಲ್ಯಾಪ್‌ಟಾಪನ್ನು ತೊಟ್ಟಿಲ ಒಳಗೇ ಇಳಿಸಿದ. ನಮ್ಮ ಪರದೆಯ ತುಂಬ ಕೂಸಿನ ಮುಖ.

ನಾನು ಬಾಗಿ ಇನ್ನೇನು ಹೆಸರು ಕರೆಯಬೇಕು, ಅವ್ವ ತಡೆದಳು. "ತಡಿ, ಇದರ ಕಿವಿ ಎಲ್ಲೈತಿ?"

ಕೇಳಬೇಕಾದ ಮಾತೇ. ದನಿ ಹೋಗುವ ಸಣ್ಣ ತೂತು ಪರದೆಯ ಮೇಲಂಚಿನಲ್ಲಿತ್ತು. ಅದಕ್ಕೆ ಬಾಯಿ ಹಚ್ಚಿ, ಅವ್ವ ಆರಿಸಿದ ಹೆಸರನ್ನು ಕರೆದೆ. "ಕುರ್ರ್... ನೀಲಾ! ಕುರ್ರ್... ನೀಲಾ!" ಎನ್ನುವುದೇ ತಡ, ಬೆನ್ನ ಮೇಲೆ ದಬದಬ ಗುದ್ದುಗಳು ಬಿದ್ದವು. ಅಷ್ಟು ಹೊತ್ತು ಕಾಯಿಸಿದ ಸಿಟ್ಟೂ ಅದರಲ್ಲಿ ಸೇರಿತ್ತು. ದನಿ ಅಸ್ಸಾಮಿಗೆ ತಲುಪುವುದು ಕೊಂಚ ತಡ. ನನ್ನ ಬೆನ್ನು ಬಿಸಿಯಾದ ಮೇಲೆ ಕೂಸು ಬೆಚ್ಚಿ, ಕಣ್ಣು ಪೂರ್ತಿ ತೆರೆದು, ನೆಟ್ಟಗೆ ನಮ್ಮ ಕಡೆ ನೋಡಿತು. ಹೆಂಗಸರೆಲ್ಲ ಹೋ ಎಂದರು.

ಅವ್ವ ಮಾತ್ರ "ಭಾಳ ಚಂದ ಐತಿ" ಎನ್ನಲಿಲ್ಲ. ಸುಮ್ಮನೆ ನೋಡುತ್ತ ಕುಳಿತಳು. ಇಷ್ಟೆಲ್ಲ ಮಾಡಿಯೂ ಅವಳಿಗೆ ಮತ್ತೆ ಬೆಳ್ಳಗೆ ಏನೋ ಕಂಡಂತಾಗಿದೆಯೇ? ಕೇಳಲು ಧೈರ್ಯವಾಗಲಿಲ್ಲ. ಅವ್ವ ಸೊಂಟದ ಚೀಲ ಬಿಚ್ಚಿದಳು, ಕಾಡಿಗೆಯ ಡಬ್ಬಿ ತೆಗೆದಳು, ಬೆರಳು ಅದ್ದಿದಳು. ನಾನು "ಅವ್ವಾ" ಎನ್ನುವುದರೊಳಗೆ ಕೈ ಚಾಚಿ ಪರದೆಯ ಮೇಲೆ ಒತ್ತಿಬಿಟ್ಟಳು.

ಹಾಸಿಗೆಗಲ್ಲ, ದಿಂಬಿಗಲ್ಲ. ಕೂಸಿನ ಕೆನ್ನೆಯ ನಟ್ಟನಡುವೆ.